ಕ್ರಮ ಸಂಖ್ಯೆ ನಲವತ್ತೊಂದು

ಮಾರ್ಚಿ ತಿಂಗಳು. ಚಳ್ಳಕೆರೆಯ ಗಾಳಿಗೆ
ಶೇಂಗಾ ಹಿಂಡಿಯ ವಾಸನೆ.
ಕಿಟಕಿಯಾಚೆ ಕಾವಲು, ಕಾವಲಿಗೆ ಬೇಲಿ,
ಬೇಲಿಯೊಳಗೆ ಇನ್ನೂ ಹೆಸರಿಡದ ವಿಮಾನ;
ಅದಕ್ಕೆ ಪೈಲಟ್ ಇಲ್ಲ, ನಮಗೆ ಪುರುಸೊತ್ತಿಲ್ಲ.
ದಿಲ್ಲಿಗೆ ಹೋಗಬೇಕು ಬೇಡಿಕೆ ಪಟ್ಟಿ,
ಐದು ಪ್ರತಿ, ನೀಲಿ ಶಾಯಿಯ ಸಹಿ.

ನಾನು ಗುತ್ತಿಗೆಯ ಬೆರಳಚ್ಚುಗಾರ್ತಿ, ಮಾರಕ್ಕ.
ಗುಟ್ಟಿನ ಹಾಳೆ ನನ್ನ ಮೇಜಿಗೆ ಬರುವುದಿಲ್ಲ,
ಬರುವುದು ಅದರ ಬೆಲೆ ಮಾತ್ರ.
ಏನೆಂದು ತಿಳಿಯದ್ದಕ್ಕೆ ಎಷ್ಟೆಂದು ಬಲ್ಲೆ:
ನೂರಾ ಎಂಬತ್ತು ಕೋಟಿ, ಒಂದು ಕಣ್ಣಿಗೆ;
ಅರವತ್ತು, ಆ ಕಣ್ಣಿಗೆ ಮಂಜಿನಲ್ಲೂ ಕಾಣಲಿಕ್ಕೆ;
ಹನ್ನೆರಡು, 'ಇತರೆ'.
ಸೊನ್ನೆ ಒತ್ತುವಾಗ ಎಡಗೈಗೆ ಕೆಲಸವಿಲ್ಲ,
ಟೀ ಹಿಡಿದುಕೊಂಡಿರುತ್ತದೆ.

ಒಂಬತ್ತನೇ ಕಾಲಂ ಕೇಳುತ್ತದೆ:
ಹಣ ಸಿಗದಿದ್ದರೆ ಆಗುವ ನಷ್ಟವೇನು?
ಹೋದ ವರ್ಷ ಬರೆದದ್ದನ್ನೇ ಬರೆಯುತ್ತೇವೆ.
'ನೆರೆಯ ದೇಶ' ಹೋಗಿ 'ನೆರೆಯ ದೇಶಗಳು' ಆಗಿದೆ,
ಅಷ್ಟೇ.

ಈ ಹುಲ್ಲಿಗೆ ಇದೇನೂ ಹೊಸತಲ್ಲ.
ನನ್ನ ಮುತ್ತಜ್ಜನ ಅಜ್ಜ ಇದೇ ಕಾವಲಿನ ಸೇರ್ವೇಗಾರ.
ಅವನು ಮೇಯಿಸಿದ್ದು ಅಮೃತಮಹಲ್ ಎತ್ತು,
ಎತ್ತು ಎಳೆದದ್ದು ಫಿರಂಗಿ.
ಹಗ್ಗ ಇಷ್ಟು, ಲಾಳ ಇಷ್ಟು, ಕೊಂಬಿಗೆ ಎಣ್ಣೆ ಇಷ್ಟು
ಎಂದು ಅರಮನೆಗೆ ಅರ್ಜಿ ಹೋಗುತ್ತಿತ್ತಂತೆ.
ಅಲ್ಲಿ ಯಾರೋ ಎಣ್ಣೆಯ ಮೇಲೆ ಗೆರೆ ಎಳೆಯುತ್ತಿದ್ದರಂತೆ.
ಎತ್ತು ಹೋಯಿತು, ಫಿರಂಗಿ ಹೋಯಿತು;
ಗೆರೆ ಎಳೆಯುವ ಕೈ ಇದೆ.

ಹೋದ ಸಲ ಗೆರೆ ಬಿದ್ದದ್ದು ನಲವತ್ತೊಂದಕ್ಕೆ:
'ರನ್‌ವೇಯಿಂದ ಹಕ್ಕಿ ಓಡಿಸಲು ಇಬ್ಬರು, ದಿನಗೂಲಿ.'
ಉಳಿದದ್ದೆಲ್ಲ ಮಂಜೂರು.
ಷರಾ: ಇಬ್ಬರು ಮನುಷ್ಯರ ಅಗತ್ಯವನ್ನು
ಸಮರ್ಥಿಸಲಾಗಿಲ್ಲ.

ಆ ಇಬ್ಬರಲ್ಲಿ ಒಬ್ಬ ನಮ್ಮ ಪಾಲಯ್ಯ ಮಾವ,
ಬೇಲಿ ಬರುವ ಮುಂಚೆ ಅಲ್ಲೇ ಕುರಿ ಬಿಡುತ್ತಿದ್ದವನು.
ಹೊಸ ಸೀಟಿ ಬೇರೆ ಕೊಂಡಿದ್ದ, ಸಂತೆಯಲ್ಲಿ.

ಅವನ ಬದಲು ಯಂತ್ರ ಬಂತು. ಮೂವತ್ತೆಂಟು ಲಕ್ಷ,
ನಾಲ್ಕು ದಿಕ್ಕಿಗೆ ನಾಲ್ಕು ಬಾಯಿ.
ಮೊದಲ ದಿನ ಗಿಡುಗನಂತೆ ಕಿರುಚಿತು, ಕಾವಲೇ ಖಾಲಿ.
ಎರಡನೇ ದಿನ ಟಿಟ್ಟಿಭಗಳು ಬಂದು ಜಗಳಕ್ಕೆ ನಿಂತವು.
ಐದನೇ ದಿನ ಗೊರವಂಕವೊಂದು
ಅದರ ಬಾಯೊಳಗೇ ಕಡ್ಡಿ ಜೋಡಿಸತೊಡಗಿತು.

ಬೇಲಿಯಾಚೆ ಮಾವ ಎಲೆಅಡಿಕೆ ಉಗಿದು ಹೇಳಿದ:
"ದಿನಾ ಒಂದೇ ಬೈಗುಳ ಬೈದ್ರೆ
ಕುರಿನೂ ಕಿವಿ ಅಲ್ಲಾಡ್ಸಲ್ಲ ಕಣವ್ವ.
ನಾನಾಗಿದ್ರೆ ಒಂದಿನ ಕೇಕೆ, ಒಂದಿನ ಕವಣೆ,
ಒಂದಿನ ಸುಮ್ನೆ ಎದ್ದು ನಿಲ್ತಿದ್ದೆ.
ಸುಮ್ನೆ ನಿಂತೋರಿಗೇ ಅವು ಜಾಸ್ತಿ ಹೆದರೋದು."

ಇದನ್ನು ನಗಲಿಕ್ಕೆಂದು ಆಫೀಸಿನಲ್ಲಿ ಹೇಳಿದೆ.
ಡಾಕ್ಟರ್ ಮೊಹಾಪಾತ್ರ ನಗಲಿಲ್ಲ.
ಕನ್ನಡಕ ತೆಗೆದರು, ಮತ್ತೊಮ್ಮೆ ಹೇಳಿಸಿದರು,
ಟೀ ಆರಿ ಕೆನೆಗಟ್ಟುವವರೆಗೆ ಬರೆದುಕೊಂಡರು.

ಇವತ್ತು ನನ್ನೆದುರು ಹೊಸ ಬೇಡಿಕೆ:
'ಎಚ್ಚರಿಕೆಯ ಸದ್ದಿಗೆ ಹಕ್ಕಿಗಳು ಒಗ್ಗಿಕೊಳ್ಳುವ ಬಗೆ,
ಮೂರು ವರ್ಷದ ಸಂಶೋಧನೆ.'
ಎರಡು ಕೋಟಿ ನಲವತ್ತು ಲಕ್ಷ.
ಕೊನೆಯಲ್ಲಿ, ಸಣ್ಣಕ್ಷರದಲ್ಲಿ:
'ಸ್ಥಳೀಯ ಪರಿಣತರು, ಒಬ್ಬರು. ಗೌರವಧನ.'

ಹೆಸರು ಒತ್ತಿದೆ. ವಯಸ್ಸು ಅಂದಾಜಿಗೆ ಒತ್ತಿದೆ.
'ವಿದ್ಯಾರ್ಹತೆ' ಎಂಬಲ್ಲಿ ಕರ್ಸರ್ ಮಿಣುಕುತ್ತ ನಿಂತಿತು.
ಫೋನು ಹಚ್ಚಿದೆ. ಆ ತುದಿಯಲ್ಲಿ ಗಾಳಿ,
ಕುರಿಯ ಕೆಮ್ಮು, ಆಮೇಲೆ ಮಾವ:
"ಬರ್ಕೋ. ನಿಲ್ಲಾಕ್ ಬರ್ತದೆ."

ಬರೆದುಕೊಂಡೆ.
ಇದಕ್ಕೂ ಐದು ಪ್ರತಿ.